ಕೇಸಿ ಜೋನ್ಸ್: ಕೆಂಪು ದೀಪ ಕಂಡಿತ್ತೇ, ಕಾಣಲಿಲ್ಲವೇ?

1900ನೇ ಇಸವಿ ಏಪ್ರಿಲ್ 30ರ ನಸುಕು. ಸಮಯ 3 ಗಂಟೆ 52 ನಿಮಿಷ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಾನ್ ಎಂಬ ಪುಟ್ಟ ರೈಲು ನಿಲ್ದಾಣದ ಬಳಿ ವೇಗವಾಗಿ ಬಂದ ಪ್ರಯಾಣಿಕರ ಗಾಡಿಯೊಂದು ಅದೇ ಹಳಿಯ ಮೇಲೆ ನಿಂತಿದ್ದ ಗೂಡ್ಸ್ ಗಾಡಿಯ ಹಿಂಬದಿಗೆ ಅಪ್ಪಳಿಸಿತು. ಹಿಂದಿನ ಬೋಗಿಗಳಲ್ಲಿ ನಿದ್ರಿಸುತ್ತಿದ್ದ ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಪ್ರಾಣ ಕಳೆದುಕೊಂಡವನು ಒಬ್ಬನೇ, ಎಂಜಿನ್ ಚಾಲಕ. ಅವನ ಹೆಸರು ಜಾನ್ ಲೂಥರ್ ಜೋನ್ಸ್. ಲೋಕ ಅವನನ್ನು ಬಲ್ಲುದು ಕೇಸಿ ಜೋನ್ಸ್ ಎಂಬ ಹೆಸರಿನಿಂದ.

ಜನಪದ ಗೀತೆಯಲ್ಲಿ ಅವನೊಬ್ಬ ವೀರ. ಕಡೆಯ ಕ್ಷಣದವರೆಗೂ ಬ್ರೇಕ್ ಬಿಡದೆ, ತನ್ನ ಪ್ರಾಣ ಕೊಟ್ಟು ಪ್ರಯಾಣಿಕರನ್ನು ಉಳಿಸಿದವನು. ರೈಲ್ವೆ ಕಂಪನಿಯ ಕಡತದಲ್ಲಿ ಅವನೊಬ್ಬ ತಪ್ಪಿತಸ್ಥ. ನಿಲ್ಲುವಂತೆ ತೋರಿಸಿದ ಸಂಕೇತವನ್ನು ಲೆಕ್ಕಿಸದೆ ಮುನ್ನುಗ್ಗಿದವನು. ಈ ಎರಡು ಚಿತ್ರಗಳ ನಡುವೆ ಒಂದು ಪ್ರಶ್ನೆ ನೂರು ವರ್ಷಗಳಿಗೂ ಮೀರಿ ಉಳಿದುಕೊಂಡಿದೆ. ಹಳಿಯ ಪಕ್ಕದಲ್ಲಿ ತೋರಿಸಿದ ಸಂಕೇತ ಎಂಜಿನ್ನಿನಲ್ಲಿದ್ದವರಿಗೆ ತಲುಪಿತ್ತೇ? ಕೇಸಿ ಜೋನ್ಸ್‌ನ ಬದುಕು ಈ ಪ್ರಶ್ನೆಯ ಕಾರಣದಿಂದಲೇ ಇಂದಿಗೂ ಮಹತ್ವದ್ದು.

ಊರಿನಿಂದ ಬಂದ ಹೆಸರು

ಜೋನ್ಸ್ ಹುಟ್ಟಿದ್ದು 1863ರ ಮಾರ್ಚ್ 14ರಂದು, ಮಿಸೌರಿ ರಾಜ್ಯದ ಆಗ್ನೇಯ ಭಾಗದ ಹಳ್ಳಿಗಾಡಿನಲ್ಲಿ. ತಂದೆ ಫ್ರಾಂಕ್ ಜೋನ್ಸ್ ಶಾಲಾ ಉಪಾಧ್ಯಾಯ. ಮಗ ಇನ್ನೂ ಬಾಲಕನಾಗಿದ್ದಾಗಲೇ ಕುಟುಂಬ ಕೆಂಟಕಿ ರಾಜ್ಯದ ಕೇಸಿ ಎಂಬ ಊರಿನ ಬಳಿ ಬಂದು ನೆಲೆಸಿತು. ಜೋನ್ಸ್ ಎಂಬ ಹೆಸರಿನವರು ರೈಲ್ವೆಯಲ್ಲಿ ಹಲವರಿದ್ದರು. ಹೀಗಾಗಿ ಸಹೋದ್ಯೋಗಿಗಳು ಅವನ ಊರಿನ ಹೆಸರಿನಿಂದಲೇ ಅವನನ್ನು ಕರೆಯತೊಡಗಿದರು. ಅಕ್ಷರಗಳು ಒಂದಿಷ್ಟು ಬದಲಾದರೂ ಉಚ್ಚಾರ ಅದೇ ಉಳಿಯಿತು. ಊರಿನ ಹೆಸರು ಮನುಷ್ಯನ ಹೆಸರಾಯಿತು.

ಆ ಕಾಲದ ಅಮೆರಿಕದಲ್ಲಿ ರೈಲು ಎಂದರೆ ಹಳ್ಳಿಯ ಹುಡುಗರಿಗೆ ಹೊರ ಜಗತ್ತಿನ ಬಾಗಿಲು. ಹದಿನೈದನೆಯ ವಯಸ್ಸಿಗೇ ಜೋನ್ಸ್ ಮೊಬೀಲ್ ಅಂಡ್ ಒಹಾಯೊ ರೈಲ್ವೆಯ ಕೊಲಂಬಸ್ ನಿಲ್ದಾಣದಲ್ಲಿ ಕಿರಿಯ ತಂತಿ ಸಿಬ್ಬಂದಿಯಾಗಿ ಸೇರಿದ. ಈ ಕೊಲಂಬಸ್ ಇರುವುದು ಕೆಂಟಕಿಯಲ್ಲಿ. ಬಳಿಕ ಬ್ರೇಕ್‌ಮನ್ ಆದ. 1884ರ ವೇಳೆಗೆ ಟೆನೆಸಿ ರಾಜ್ಯದ ಜಾಕ್ಸನ್ ನಗರಕ್ಕೆ ಬಂದು ಫ್ಲ್ಯಾಗ್‌ಮನ್ ಆಗಿ ಬಡ್ತಿ ಪಡೆದ. ಅಲ್ಲಿ ತಾನು ತಂಗಿದ್ದ ಊಟ ವಸತಿಯ ಮನೆಯ ಒಡತಿಯ ಮಗಳು ಜೇನಿ ಬ್ರೇಡಿಯನ್ನು ಪ್ರೀತಿಸಿದ. ಆಕೆಯ ಕುಟುಂಬ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದರಿಂದ ತಾನೂ ಆ ಪಂಥದ ದೀಕ್ಷೆ ಪಡೆದ. 1886ರ ನವೆಂಬರ್ 25ರಂದು ಇಬ್ಬರ ವಿವಾಹ ನಡೆಯಿತು. ಜಾಕ್ಸನ್‌ನಲ್ಲಿಯೇ ಮನೆ ಕೊಂಡು ಸಂಸಾರ ಹೂಡಿದರು. ಮೂವರು ಮಕ್ಕಳಾದರು.

ಸಂಕೇತವೇ ಭಾಷೆ

ಜೋನ್ಸ್ ಮಾಡಿದ ಆರಂಭದ ಕೆಲಸಗಳನ್ನು ಗಮನಿಸಬೇಕು. ತಂತಿ ಸಿಬ್ಬಂದಿ, ಬ್ರೇಕ್‌ಮನ್, ಫ್ಲ್ಯಾಗ್‌ಮನ್. ಮೂರೂ ಒಂದಲ್ಲ ಒಂದು ಬಗೆಯಲ್ಲಿ ಸಂಕೇತ ರವಾನಿಸುವ ಕೆಲಸಗಳೇ.

ಅಂದಿನ ಏಕಹಳಿ ಮಾರ್ಗಗಳಲ್ಲಿ ಗಾಡಿಗಳ ಓಡಾಟ ನಡೆಯುತ್ತಿದ್ದುದು ಮುದ್ರಿತ ವೇಳಾಪಟ್ಟಿ ಮತ್ತು ತಂತಿಯ ಮೂಲಕ ಬರುವ ಆದೇಶಗಳ ಆಧಾರದ ಮೇಲೆ. ಯಾವ ಗಾಡಿ ಯಾವ ನಿಲ್ದಾಣದಲ್ಲಿ ಪಕ್ಕದ ಹಳಿಗೆ ಸರಿದು ಯಾರಿಗೆ ದಾರಿ ಬಿಡಬೇಕು ಎಂಬುದು ಈ ಆದೇಶದಲ್ಲಿ ಇರುತ್ತಿತ್ತು. ನಿಲ್ದಾಣದಲ್ಲಿ ಆ ಚೀಟಿ ಚಾಲಕನ ಕೈಗೆ ಬಂದ ಮೇಲೆ ಮುಂದಿನ ನಿಲ್ದಾಣದವರೆಗೆ ಅದೇ ಅವನಿಗೆ ಆಧಾರ. ನಡುದಾರಿಯಲ್ಲಿ ಏನಾದರೂ ಅನಿರೀಕ್ಷಿತ ನಡೆದರೆ ಅದನ್ನು ಚಾಲಕನಿಗೆ ತಿಳಿಸಲು ಉಳಿದದ್ದು ಬಾವುಟ, ಕಂದೀಲು, ಬೆಂಕಿ ಮತ್ತು ಸದ್ದು ಮಾತ್ರ.

ಗಾಡಿಯೊಂದು ನಿಲ್ಲಬಾರದ ಜಾಗದಲ್ಲಿ ನಿಂತರೆ ಚಾಲಕ ಶಿಳ್ಳೆಯನ್ನು ಒಮ್ಮೆ ದೀರ್ಘವಾಗಿ, ಮೂರು ಬಾರಿ ಚುಟುಕಾಗಿ ಊದುತ್ತಿದ್ದ. ಹಿಂಬದಿಯನ್ನು ರಕ್ಷಿಸು ಎಂದು ಅದರ ಅರ್ಥ. ಕೂಡಲೇ ಫ್ಲ್ಯಾಗ್‌ಮನ್ ಹಗಲಾದರೆ ಕೆಂಪು ಬಾವುಟ, ಇರುಳಾದರೆ ಕಂದೀಲು ಹಿಡಿದು ಗಾಡಿ ಬಂದ ದಿಕ್ಕಿನಲ್ಲಿ ಹಿಂದಕ್ಕೆ ಓಡಬೇಕು. ಸಾಕಷ್ಟು ದೂರ ಹೋಗಿ ಹಳಿಯ ಮೇಲೆ ಸ್ಫೋಟಕ ಬಿಲ್ಲೆಗಳನ್ನು ಕಟ್ಟಬೇಕು. ಎಂಜಿನ್ನಿನ ಗಾಲಿ ಹರಿದಾಗ ಅವು ಢಮ್ಮೆಂದು ಸಿಡಿಯುತ್ತವೆ. ಒಂದೇ ಸಿಡಿತವಾದರೆ ತಕ್ಷಣ ನಿಲ್ಲಿಸು ಎಂದರ್ಥ. ಒಂದರ ಹಿಂದೆ ಒಂದು ಎರಡು ಸಿಡಿದರೆ ವೇಗ ತಗ್ಗಿಸಿ ಎಚ್ಚರದಿಂದ ನೋಡುತ್ತ ಹೋಗು ಎಂದರ್ಥ. ಇದಲ್ಲದೆ ಫ್ಯೂಸಿ ಎಂಬ ಕೆಂಪು ಜ್ವಾಲೆಯ ಕಡ್ಡಿಯೂ ಉಂಟು. ಅದು ಕೆಲವು ನಿಮಿಷ ಉರಿದು ಆರುತ್ತದೆ. ಉರಿಯುತ್ತಿರುವ ಫ್ಯೂಸಿ ಕಂಡರೆ ಮುಂದಿನ ಗಾಡಿ ಹೋಗಿ ಹೆಚ್ಚು ಹೊತ್ತಾಗಿಲ್ಲ ಎಂದು ಹಿಂದಿನ ಚಾಲಕ ತಿಳಿಯಬೇಕು.

ಬಣ್ಣಗಳ ಅರ್ಥವೂ ಇಂದಿನಂತೆ ಇರಲಿಲ್ಲ. ಕೆಂಪು ಅಪಾಯ ಎಂಬುದು ಅಂದೂ ನಿಜ. ಆದರೆ ಹಸಿರು ಎಂದರೆ ಎಚ್ಚರಿಕೆ, ಬಿಳಿ ಎಂದರೆ ದಾರಿ ತೆರವು. ಕೆಂಪು ಗಾಜು ಒಡೆದುಹೋದ ದೀಪ ಬಿಳಿಯಾಗಿ ಕಂಡು ಚಾಲಕರನ್ನು ವಂಚಿಸುವ ಅಪಾಯವಿತ್ತು. ಊರಿನ ಸಾಮಾನ್ಯ ದೀಪವೂ ಸಂಕೇತದಂತೆ ತೋರಬಹುದಿತ್ತು. ಈ ಕಾರಣಗಳಿಂದಲೇ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ರೈಲ್ವೆಗಳು ಬಿಳಿಯನ್ನು ಕೈಬಿಟ್ಟು ಹಸಿರಿಗೆ ದಾರಿ ತೆರವು ಎಂಬ ಅರ್ಥ ಕೊಟ್ಟವು.

ಕತ್ತಲಲ್ಲಿ ಒಬ್ಬನೇ ಕಂದೀಲು ಹಿಡಿದು ನಿಲ್ಲುವ ಫ್ಲ್ಯಾಗ್‌ಮನ್‌ನ ಕೆಲಸ ಎಷ್ಟು ಕಠಿಣವೆಂಬುದು ಜೋನ್ಸ್‌ಗೆ ಚೆನ್ನಾಗಿ ತಿಳಿದಿತ್ತು. ಏಕೆಂದರೆ ಅವನೂ ಆ ಕೆಲಸ ಮಾಡಿಬಂದವನೇ.

ಚಾಲಕನ ಪೀಠಕ್ಕೆ

ಫ್ಲ್ಯಾಗ್‌ಮನ್ ಕೆಲಸದ ನಂತರ ಫೈರ್‌ಮನ್ ಆಗಿ ಕಲ್ಲಿದ್ದಲು ತುಂಬುವ ಕೆಲಸ ಸಿಕ್ಕಿತು. ಅಷ್ಟರಲ್ಲಿ 1887ರ ಬೇಸಿಗೆಯಲ್ಲಿ ಹಳದಿ ಜ್ವರ ಹರಡಿ ನೆರೆಯ ಇಲಿನಾಯ್ ಸೆಂಟ್ರಲ್ ರೈಲ್ವೆಯ ಸಿಬ್ಬಂದಿಯಲ್ಲಿ ಹಲವರು ಬಲಿಯಾದರು. ಅಲ್ಲಿ ಕೆಲಸಗಳು ಖಾಲಿಯಾದವು. ಬಡ್ತಿ ಬೇಗ ಸಿಗಬಹುದೆಂಬ ಆಸೆಯಿಂದ ಜೋನ್ಸ್ 1888ರ ಮಾರ್ಚ್ 1ರಂದು ಆ ಕಂಪನಿ ಸೇರಿದ. ಜಾಕ್ಸನ್ ಮತ್ತು ಮಿಸಿಸಿಪ್ಪಿಯ ವಾಟರ್ ವ್ಯಾಲಿ ನಡುವಿನ ಗೂಡ್ಸ್ ಗಾಡಿಗಳಲ್ಲಿ ದುಡಿದ. ಮೂರು ವರ್ಷದ ಬಳಿಕ, 1891ರ ಫೆಬ್ರುವರಿ 23ರಂದು, ಅವನ ಬಹುದಿನದ ಕನಸು ನನಸಾಯಿತು. ಎಂಜಿನ್ನಿನ ಬಲಬದಿಯ ಪೀಠ ಅವನದಾಯಿತು.

ವೇಳೆಗೆ ಸರಿಯಾಗಿ ಗಾಡಿ ಮುಟ್ಟಿಸುವವನು ಎಂಬ ಹೆಸರು ಅವನಿಗೆ ಬೇಗ ಬಂತು. ದಾರಿಯ ಊರುಗಳ ಜನ ಅವನ ಗಾಡಿ ಹಾದುಹೋಗುವುದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಮಾತು ಹುಟ್ಟಿಕೊಂಡಿತು. ಅವನ ಎಂಜಿನ್ನಿನ ಶಿಳ್ಳೆಯೂ ವಿಶಿಷ್ಟ. ಆರು ಸ್ವರಗಳ ಆ ಶಿಳ್ಳೆಯನ್ನು ಅವನು ಹಕ್ಕಿಯ ಕೂಗಿನಂತೆ ಏರಿಸಿ ಇಳಿಸುತ್ತಿದ್ದ. ನಡುರಾತ್ರಿ ಆ ಸದ್ದು ಕೇಳಿದರೆ ಹಳಿಯ ಪಕ್ಕದ ಮನೆಗಳವರಿಗೆ ಬರುತ್ತಿರುವವನು ಕೇಸಿ ಜೋನ್ಸ್ ಎಂದು ತಿಳಿಯುತ್ತಿತ್ತು.

1893ರಲ್ಲಿ ಷಿಕಾಗೊದಲ್ಲಿ ವಿಶ್ವ ಮೇಳ ನಡೆಯಿತು. ಮೇಳಕ್ಕೆ ಜನರನ್ನು ಕರೆದೊಯ್ಯುವ ಗಾಡಿಗಳನ್ನು ಓಡಿಸಲು ಇಲಿನಾಯ್ ಸೆಂಟ್ರಲ್ ಕಂಪನಿ ಚಾಲಕರನ್ನು ಕರೆದಾಗ ಜೋನ್ಸ್ ತಾನಾಗಿ ಮುಂದೆ ಬಂದ. ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ 638 ಸಂಖ್ಯೆಯ ಹೊಸ ಗೂಡ್ಸ್ ಎಂಜಿನ್ ಅವನ ಮನಸ್ಸು ಕದ್ದಿತು. ಮೇಳ ಮುಗಿದ ಮೇಲೆ ಅಧಿಕಾರಿಗಳ ಒಪ್ಪಿಗೆ ಪಡೆದು ಆ ಎಂಜಿನ್ನನ್ನು ತಾನೇ ವಾಟರ್ ವ್ಯಾಲಿಗೆ ಓಡಿಸಿಕೊಂಡು ಬಂದ.

1895ರ ಒಂದು ಘಟನೆ ಅವನ ಸಾಹಸಕ್ಕೆ ಸಾಕ್ಷಿಯಾಗಿದೆ. ಮಿಸಿಸಿಪ್ಪಿಯ ಮಿಚಿಗನ್ ಸಿಟಿ ಎಂಬಲ್ಲಿಗೆ ಗಾಡಿ ಸಮೀಪಿಸುತ್ತಿತ್ತು. ಎಂಜಿನ್ನನ್ನು ಜೊತೆಗಾರ ಚಾಲಕನಿಗೆ ಒಪ್ಪಿಸಿ ಜೋನ್ಸ್ ಹೊರಗಿನ ಕಟ್ಟೆಯ ಮೇಲೆ ನಡೆದು ಯಂತ್ರಭಾಗಗಳನ್ನು ನೋಡಿಕೊಳ್ಳುತ್ತಿದ್ದ. ಎದುರಿಗೆ ಮಕ್ಕಳ ಗುಂಪೊಂದು ಹಳಿ ದಾಟಿತು. ಒಬ್ಬ ಪುಟ್ಟ ಹುಡುಗಿ ಮಾತ್ರ ಹೆದರಿ ಹಳಿಯ ನಡುವೆಯೇ ನಿಂತುಬಿಟ್ಟಳು. ಜೋನ್ಸ್ ಎಂಜಿನ್ನಿನ ಮುಂಭಾಗದ ತಡೆಗಂಬಿಗಳ ತುದಿಗೆ ಹೋಗಿ, ಬಾಗಿ, ಅವಳನ್ನು ಎತ್ತಿಕೊಂಡ.

ಇಷ್ಟೆಲ್ಲ ಪ್ರಶಂಸೆಯ ಜೊತೆಗೆ ಅವನ ಸೇವಾ ಪುಸ್ತಕದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ನಿಯಮ ಉಲ್ಲಂಘನೆಗಾಗಿ ಅವನ ವಿರುದ್ಧ ಒಂಬತ್ತು ಬಾರಿ ಶಿಸ್ತುಕ್ರಮ ಜರುಗಿತ್ತು. ಒಟ್ಟು 145 ದಿನ ಅವನು ಕೆಲಸದಿಂದ ಅಮಾನತಾಗಿದ್ದ. ಆದರೆ ಸಾವಿಗೆ ಮುಂಚಿನ ಒಂದು ವರ್ಷದಲ್ಲಿ ಅಂಥ ಒಂದು ದೂರೂ ದಾಖಲಾಗಿರಲಿಲ್ಲ. ವೇಳೆ ಪಾಲಿಸುವವನಿಗೆ ಮೆಚ್ಚುಗೆ, ವೇಳೆ ಪಾಲಿಸಲು ನಿಯಮ ಮೀರಿದವನಿಗೆ ಶಿಕ್ಷೆ. ಅಂದಿನ ರೈಲು ಚಾಲಕರೆಲ್ಲರೂ ಈ ಇಕ್ಕಟ್ಟಿನ ನಡುವೆ ಬದುಕುತ್ತಿದ್ದರು.

ಮೆಂಫಿಸ್‌ನಿಂದ ಹೊರಟ ಗಾಡಿ

1900ರ ಆರಂಭದಲ್ಲಿ ಜೋನ್ಸ್‌ಗೆ ಮೆಂಫಿಸ್ ಮತ್ತು ಕ್ಯಾಂಟನ್ ನಡುವಿನ ಪ್ರಯಾಣಿಕರ ಗಾಡಿ ದೊರೆಯಿತು. ಸುಮಾರು 190 ಮೈಲಿ, ಎಂದರೆ 300 ಕಿಲೋಮೀಟರಿಗೂ ಮಿಕ್ಕಿದ ಹಾದಿ. ಷಿಕಾಗೊದಿಂದ ನ್ಯೂ ಆರ್ಲಿಯನ್ಸ್‌ವರೆಗಿನ ವೇಗದ ಓಟದಲ್ಲಿ ಇದೊಂದು ಕೊಂಡಿ. ಅವನ ಎಂಜಿನ್ 382 ಸಂಖ್ಯೆಯದು, 1898ರಲ್ಲಿ ತಯಾರಾದದ್ದು. ಫೈರ್‌ಮನ್ ಸಿಮ್ ವೆಬ್ ಕಪ್ಪು ವರ್ಣೀಯ ಯುವಕ. ಕಪ್ಪು ವರ್ಣೀಯರಿಗೆ ಚಾಲಕನ ಪೀಠ ಬಹುಮಟ್ಟಿಗೆ ನಿಷಿದ್ಧವಾಗಿದ್ದ ಕಾಲವದು.

ಏಪ್ರಿಲ್ 29ರ ರಾತ್ರಿ ಜೋನ್ಸ್ ಮೆಂಫಿಸ್‌ನಲ್ಲಿದ್ದ. ಅಂದು ದಕ್ಷಿಣಕ್ಕೆ ಹೊರಡಬೇಕಿದ್ದ 1ನೇ ಸಂಖ್ಯೆಯ ಗಾಡಿಯ ಚಾಲಕ ಸ್ಯಾಮ್ ಟೇಟ್ ಅಸ್ವಸ್ಥನಾದ. ಅವನ ಬದಲಿಗೆ ಹೋಗಲು ಜೋನ್ಸ್ ಒಪ್ಪಿದ. ಗಾಡಿ ಮೆಂಫಿಸ್ ಬಿಟ್ಟಾಗ ರಾತ್ರಿ 12 ಗಂಟೆ 50 ನಿಮಿಷ. ವೇಳಾಪಟ್ಟಿಗಿಂತ ಒಂದು ಗಂಟೆಗೂ ಹೆಚ್ಚು ತಡ. ಕ್ಯಾಂಟನ್ ತಲುಪಬೇಕಾದದ್ದು ನಸುಕಿನ 4 ಗಂಟೆ 5 ನಿಮಿಷಕ್ಕೆ. ಕಳೆದುಹೋದ ಹೊತ್ತನ್ನು ಹಾದಿಯಲ್ಲೇ ಮರಳಿ ಗಳಿಸಲು ಜೋನ್ಸ್ ನಿಶ್ಚಯಿಸಿದ.

ಹಿಂದೆ ಆರು ಬೋಗಿಗಳು, ಹೊರಗೆ ಮಂಜು ಕವಿದ ಇರುಳು. ಸಾರ್ಡಿಸ್, ಗ್ರೆನೇಡ, ವಿನೋನ ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿದವು. ವೆಬ್ ಎಡೆಬಿಡದೆ ಕಲ್ಲಿದ್ದಲು ತುಂಬುತ್ತಿದ್ದ. 155 ಮೈಲಿ ದೂರದ ಡ್ಯುರಾಂಟ್ ಮುಟ್ಟುವ ಹೊತ್ತಿಗೆ ತಡ ಬಹುಪಾಲು ಕರಗಿತ್ತು. ಗುಡ್‌ಮನ್ ನಿಲ್ದಾಣದಲ್ಲಿ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕು, ಮುಂದೆ ವಾನ್‌ನಲ್ಲಿ 26ನೇ ಸಂಖ್ಯೆಯ ಗಾಡಿಯನ್ನು ಸಂಧಿಸಬೇಕು ಎಂಬ ಆದೇಶ ಡ್ಯುರಾಂಟ್‌ನಲ್ಲಿ ಅವನ ಕೈಸೇರಿತ್ತು. ಗುಡ್‌ಮನ್ ಬಿಟ್ಟಾಗ ಉಳಿದಿದ್ದದ್ದು ಕೇವಲ ಐದು ನಿಮಿಷದ ತಡ. ಮುಂದಿನದು ವೇಗಕ್ಕೆ ಒಗ್ಗುವ ಹಾದಿ.

ವಾನ್‌ನಲ್ಲಿ ನಡೆದದ್ದು

ಅದೇ ಹೊತ್ತಿನಲ್ಲಿ ವಾನ್ ನಿಲ್ದಾಣದಲ್ಲಿ ಗಾಡಿಗಳ ದಟ್ಟಣೆ. ಮುಖ್ಯ ಹಳಿಯ ಪಕ್ಕದ ಲೂಪ್ ಹಳಿಯಲ್ಲಿ ಎರಡು ಗೂಡ್ಸ್ ಗಾಡಿಗಳು ನಿಂತಿದ್ದವು. 83ನೇ ಸಂಖ್ಯೆಯದು ಉತ್ತರದಿಂದ ಬಂದದ್ದು, 72ನೇ ಸಂಖ್ಯೆಯದು ದಕ್ಷಿಣದಿಂದ ಬಂದದ್ದು. ಎರಡನ್ನೂ ಸೇರಿಸಿದರೆ ಲೂಪ್ ಹಳಿಯ ಉದ್ದಕ್ಕಿಂತ ಹೆಚ್ಚು. ಹಾಗಾಗಿ ಕೆಲವು ಡಬ್ಬಿಗಳು ಯಾವುದಾದರೂ ಒಂದು ತುದಿಯಲ್ಲಿ ಮುಖ್ಯ ಹಳಿಯ ಮೇಲೆ ಚಾಚಿಕೊಂಡೇ ಇರಬೇಕಾಗಿತ್ತು.

ಇಂಥ ಸಂದರ್ಭಕ್ಕೆ ಒಂದು ರೂಢಿಯಿತ್ತು. ಗರಗಸ ಹಿಂದೆ ಮುಂದೆ ಆಡುವಂತೆ ಎರಡೂ ಗಾಡಿಗಳು ಒಟ್ಟಾಗಿ ಸರಿಯುವುದು. ಮೊದಲು ಒಂದು ತುದಿಯನ್ನು ತೆರವು ಮಾಡಿ ಬಂದ ಗಾಡಿಯನ್ನು ಒಳಗೆ ಬಿಡುವುದು, ಬಳಿಕ ಮತ್ತೊಂದು ತುದಿಯನ್ನು ತೆರವು ಮಾಡಿ ಅದನ್ನು ಹೊರಗೆ ಬಿಡುವುದು. ದಕ್ಷಿಣದಿಂದ ಎರಡು ಭಾಗಗಳಾಗಿ ಬಂದ 26ನೇ ಸಂಖ್ಯೆಯ ಗಾಡಿಗೆ ಹೀಗೆ ಜಾಗ ಮಾಡಿಕೊಡಲಾಯಿತು. ಇದರಿಂದ 83ನೇ ಗಾಡಿಯ ಕಡೆಯ ನಾಲ್ಕು ಡಬ್ಬಿಗಳು ಉತ್ತರದ ತುದಿಯಲ್ಲಿ ಮುಖ್ಯ ಹಳಿಯ ಮೇಲೆ ಉಳಿದವು. ಜೋನ್ಸ್ ಬರಬೇಕಿದ್ದದ್ದು ಆ ಕಡೆಯಿಂದಲೇ.

ಅವನ ಗಾಡಿ ಬರುವ ಮೊದಲು ಮತ್ತೊಮ್ಮೆ ಸರಿದು ದಾರಿ ಬಿಡುವ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ 72ನೇ ಗಾಡಿಯ ಗಾಳಿಕೊಳವೆ ಒಡೆಯಿತು. ಗಾಳಿಯ ಒತ್ತಡ ಇಳಿದರೆ ಬ್ರೇಕ್ ತಾನಾಗಿ ಬಿಗಿದುಕೊಳ್ಳುವುದು ವೆಸ್ಟಿಂಗ್‌ಹೌಸ್ ಬ್ರೇಕಿನ ಗುಣ. ಕೊಳವೆ ಹರಿದರೂ ಗಾಡಿ ಹಿಡಿತ ತಪ್ಪಿ ಓಡದಿರಲಿ ಎಂಬ ಉದ್ದೇಶದಿಂದಲೇ ಅದನ್ನು ಹಾಗೆ ರೂಪಿಸಲಾಗಿತ್ತು. ಆ ರಾತ್ರಿ ಸುರಕ್ಷತೆಯ ಈ ಏರ್ಪಾಡೇ ಗಾಡಿಗಳನ್ನು ಇದ್ದಲ್ಲೇ ಕಟ್ಟಿಹಾಕಿತು. ನಾಲ್ಕು ಡಬ್ಬಿಗಳು ಮುಖ್ಯ ಹಳಿಯಿಂದ ಕದಲಲಿಲ್ಲ. ಇನ್ನು ಎಲ್ಲವೂ ಹಳಿಯ ಪಕ್ಕದಲ್ಲಿ ಕಂದೀಲು ಹಿಡಿದು ನಿಂತ ಒಬ್ಬ ಮನುಷ್ಯನ ಮೇಲೆ ನಿಂತಿತ್ತು. ಅವನು 83ನೇ ಗಾಡಿಯ ಫ್ಲ್ಯಾಗ್‌ಮನ್ ಜಾನ್ ನ್ಯೂಬೆರಿ.

ಕೆಲವೇ ಸೆಕೆಂಡುಗಳು

ಕಂಪನಿಯ ವರದಿಯ ಪ್ರಕಾರ ನ್ಯೂಬೆರಿ 3,000 ಅಡಿ ಹಿಂದಕ್ಕೆ ಹೋಗಿ ಹಳಿಗೆ ಸ್ಫೋಟಕ ಬಿಲ್ಲೆಗಳನ್ನು ಕಟ್ಟಿದ್ದ. ಅಲ್ಲಿಂದ ಇನ್ನೂ 500ರಿಂದ 800 ಅಡಿ ಮುಂದೆ ಹೋಗಿ ದೀಪ ಬೀಸುತ್ತ ನಿಂತಿದ್ದ.

ಈ ಅಂತರವನ್ನು ಚಾಲಕನ ದೃಷ್ಟಿಯಿಂದ ಅಳೆಯಬೇಕು. ಜೋನ್ಸ್‌ನ ಗಾಡಿಯ ವೇಗ ಗಂಟೆಗೆ ಸುಮಾರು 75 ಮೈಲಿ ಎಂದು ಹೇಳಲಾಗುತ್ತದೆ. ಅಂದರೆ ಸೆಕೆಂಡಿಗೆ 110 ಅಡಿ. ಆ ವೇಗದಲ್ಲಿ 3,000 ಅಡಿ ಸವೆಯಲು ಬೇಕಾದದ್ದು 27 ಸೆಕೆಂಡು. ಅಷ್ಟರೊಳಗೆ ಸಿಡಿತ ಕೇಳಬೇಕು, ಅದರ ಅರ್ಥ ಹೊಳೆಯಬೇಕು, ಕೈ ಬ್ರೇಕಿಗೆ ಹೋಗಬೇಕು, ಕಬ್ಬಿಣದ ಗಾಲಿಗಳು ಕಬ್ಬಿಣದ ಹಳಿಯನ್ನು ಹಿಡಿಯಬೇಕು.

ಅದರ ಮೇಲೆ ವಾನ್‌ನ ಮುಂಚೆ ಸುಮಾರು ಒಂದೂವರೆ ಮೈಲಿಯ ಎಡ ತಿರುವಿತ್ತು. ಚಾಲಕ ಕುಳಿತಿರುವುದು ಎಂಜಿನ್ನಿನ ಬಲಬದಿಯಲ್ಲಿ. ಎಡ ತಿರುವಿನಲ್ಲಿ ಎಂಜಿನ್ನಿನ ಉದ್ದನೆಯ ಬಾಯ್ಲರ್ ಅವನ ನೋಟಕ್ಕೆ ಅಡ್ಡ ಬರುತ್ತದೆ. ಮುಂದೆ ಏನಿದೆ ಎಂಬುದು ಎಡಬದಿಯ ಫೈರ್‌ಮನ್‌ಗೆ ಕಂಡೀತು. ಆದರೆ ಅವನ ಕೆಲಸ ಬಗ್ಗಿ ಒಲೆಗೆ ಕಲ್ಲಿದ್ದಲು ಹಾಕುವುದು.

ನಿಂತ ಗಾಡಿಯ ಕಡೆಯ ಡಬ್ಬಿಯ ಕೆಂಪು ದೀಪಗಳನ್ನು ಮೊದಲು ಕಂಡವನು ವೆಬ್. ಅವನು ಕೂಗಿ ಎಚ್ಚರಿಸಿದ. ಜೋನ್ಸ್ ಬ್ರೇಕ್ ಬಿಗಿದು ವೆಬ್‌ಗೆ ಹೊರಗೆ ಹಾರುವಂತೆ ಹೇಳಿದ. ಡಿಕ್ಕಿಗೆ ಸುಮಾರು 300 ಅಡಿ ಮುಂಚೆ ವೆಬ್ ಹಾರಿದ. ಬಿದ್ದ ರಭಸಕ್ಕೆ ಪ್ರಜ್ಞೆ ತಪ್ಪಿತು. ಜೋನ್ಸ್ ಹಾರಲಿಲ್ಲ. 382ನೇ ಎಂಜಿನ್ ಗಾರ್ಡ್ ಡಬ್ಬಿಯನ್ನು ಸೀಳಿ, ಹುಲ್ಲು ತುಂಬಿದ ಡಬ್ಬಿಯನ್ನೂ ಜೋಳ ತುಂಬಿದ ಡಬ್ಬಿಯನ್ನೂ ದಾಟಿ, ಮರದ ದಿಮ್ಮಿಗಳ ಡಬ್ಬಿಗೆ ನುಗ್ಗಿ ಹಳಿಯಿಂದ ಉರುಳಿತು. ಅಷ್ಟರಲ್ಲಿ ವೇಗವನ್ನು ಅವನು ಗಂಟೆಗೆ 35 ಮೈಲಿಯ ಆಸುಪಾಸಿಗೆ ಇಳಿಸಿದ್ದನೆಂದು ನಂಬಲಾಗಿದೆ. ಪ್ರಯಾಣಿಕರು ಬದುಕುಳಿದದ್ದು ಆ ಕಡೆಯ ಪ್ರಯತ್ನದಿಂದ. ಜೋನ್ಸ್‌ನ ಗಡಿಯಾರ 3 ಗಂಟೆ 52 ನಿಮಿಷಕ್ಕೆ ನಿಂತಿತ್ತು. ಅವನ ವಯಸ್ಸು 37.

ಎರಡು ಹೇಳಿಕೆ, ಒಬ್ಬನೇ ಸಾಕ್ಷಿ

ಅಪಘಾತ ನಡೆದ ಕೆಲವೇ ಗಂಟೆಗಳಲ್ಲಿ ಕಂಪನಿ ತೀರ್ಪು ಕೊಟ್ಟಿತು. ಫ್ಲ್ಯಾಗ್‌ಮನ್ ತೋರಿದ ಸಂಕೇತವನ್ನು ಲಕ್ಷಿಸದ ಜೋನ್ಸ್ ಒಬ್ಬನೇ ಇದಕ್ಕೆ ಹೊಣೆ ಎಂದಿತು. ಜುಲೈ ತಿಂಗಳ ವಿವರವಾದ ವರದಿಯೂ ಇದನ್ನೇ ಎತ್ತಿಹಿಡಿಯಿತು.

ಆ ವರದಿಯಲ್ಲಿ ಸಿಮ್ ವೆಬ್‌ನ ಹೇಳಿಕೆಯಿದೆ. ಪಿಕೆನ್ಸ್ ದಾಟಿದ ಮೇಲೆ ಜೋನ್ಸ್ ಮತ್ತು ತಾನು ಎಂಜಿನ್ನಿಗೆ ಅಳವಡಿಸಿದ್ದ ಹೊಸ ಶಿಳ್ಳೆಯ ವಿಷಯ ಮಾತನಾಡಿದ್ದಾಗಿಯೂ, ಮರಳಿ ಕಲ್ಲಿದ್ದಲು ಹಾಕಲು ಬಾಗಿದಾಗ ಬಿಲ್ಲೆಯ ಸಿಡಿತ ಕೇಳಿದ್ದಾಗಿಯೂ, ಹಳಿಯ ಪಕ್ಕದಲ್ಲಿ ಕೆಂಪು ಮತ್ತು ಬಿಳಿ ದೀಪ ಹಿಡಿದ ಫ್ಲ್ಯಾಗ್‌ಮನ್ ಕಂಡದ್ದಾಗಿಯೂ ಅವನು ತಿಳಿಸಿದನೆಂದು ಅದರಲ್ಲಿ ನಮೂದಾಗಿದೆ. ಆದರೆ ಮುಂದಿನ ವರ್ಷಗಳಲ್ಲಿ ವೆಬ್ ಇದಕ್ಕೆ ವಿರುದ್ಧವಾಗಿಯೇ ಹೇಳುತ್ತ ಬಂದ. ತಾವು ಫ್ಲ್ಯಾಗ್‌ಮನ್‌ನನ್ನು ಕಾಣಲಿಲ್ಲ, ಫ್ಯೂಸಿ ಕಾಣಲಿಲ್ಲ, ಸಿಡಿತ ಕೇಳಲಿಲ್ಲ ಎಂಬುದೇ 1957ರಲ್ಲಿ ಸಾಯುವವರೆಗೂ ಅವನ ಮಾತಾಗಿತ್ತು.

ಎಂಜಿನ್ನಿನೊಳಗೆ ಇದ್ದವರಲ್ಲಿ ಬದುಕುಳಿದವನು ಅವನೊಬ್ಬನೇ. ಯಾವ ಹೇಳಿಕೆ ಸತ್ಯ ಎಂಬ ಚರ್ಚೆ ರೈಲ್ವೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಎರಡನ್ನೂ ತೂಗುವಾಗ ಕೆಲವು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲ ಹೇಳಿಕೆಯನ್ನು ಪಡೆದದ್ದು ಅವನಿಗೆ ಕೂಲಿ ಕೊಡುವ ಕಂಪನಿ. ಅವನು ಕಪ್ಪು ವರ್ಣೀಯ ಫೈರ್‌ಮನ್. ಮೈಗೆ ಆದ ಗಾಯಕ್ಕೆ ಅವನಿಗೆ ಕಂಪನಿ ಕೊಟ್ಟ ಪರಿಹಾರ 5 ಡಾಲರ್. ಇನ್ನೊಂದು ಕಡೆ, ಎರಡನೆಯ ಹೇಳಿಕೆಯನ್ನು ಅವನು ಕೊಡುವ ಹೊತ್ತಿಗೆ ಜೋನ್ಸ್ ದೇಶವೇ ಕೊಂಡಾಡುವ ವೀರನಾಗಿದ್ದ. ಗೆಳೆಯನ ನೆನಪಿಗೆ ಕುಂದು ತರಲು ಯಾರ ಮನಸ್ಸು ತಾನೇ ಒಪ್ಪೀತು?

ನ್ಯೂಬೆರಿ ತನ್ನ ಕರ್ತವ್ಯ ಮಾಡಿದ್ದರೂ ಮಂಜು, ತಿರುವು, ಎಂಜಿನ್ನಿನ ಅಬ್ಬರ ಇವೆಲ್ಲ ಸೇರಿ ಸಂಕೇತವನ್ನು ನುಂಗಿರಬಹುದು. ವೇಳೆಗೆ ಸರಿಯಾಗಿ ಸೇರುವ ತವಕ ಜೋನ್ಸ್‌ನ ಗಮನವನ್ನು ಮಂಕಾಗಿಸಿರಲೂಬಹುದು. ದೀಪ ಬೀಸಿದವನ ಪಾಲಿಗೆ ಸಂಕೇತ ಅಲ್ಲಿಗೆ ಮುಗಿಯಿತು. ಅದನ್ನು ಪಾಲಿಸಬೇಕಾದವನ ಪಾಲಿಗೆ ಅದು ಇನ್ನೂ ಆರಂಭವೇ ಆಗಿರಲಿಲ್ಲ. ಕಂಪನಿಯ ನಿಯಮ ಪುಸ್ತಕ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತು.

ಹಾಡಿನಲ್ಲಿ ಉಳಿದವನು, ಹಾಡಿನಿಂದ ನೊಂದವಳು

ಕ್ಯಾಂಟನ್‌ನಲ್ಲಿ ಎಂಜಿನ್ ಒರೆಸುವ ಕೆಲಸ ಮಾಡುತ್ತಿದ್ದ ವಾಲೇಸ್ ಸಾಂಡರ್ಸ್ ಎಂಬ ಕಪ್ಪು ವರ್ಣೀಯ ಕಾರ್ಮಿಕ ಜೋನ್ಸ್‌ನನ್ನು ಬಲ್ಲವನು. ಅವನು ಹಳೆಯ ಧಾಟಿಯೊಂದಕ್ಕೆ ಕೇಸಿಯ ಸಾವಿನ ಕಥೆಯನ್ನು ಹೆಣೆದು ಹಾಡಿದ. ಅದು ಬಾಯಿಂದ ಬಾಯಿಗೆ ಹರಡಿತು. 1909ರಲ್ಲಿ ಅಚ್ಚಾದಾಗ ಅದರ ಮೇಲಿದ್ದುದು ಬೇರೆಯವರ ಹೆಸರು. ಸಾಂಡರ್ಸ್‌ಗೆ ಹೆಸರೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

ರಂಗಮಂಚದ ಆ ಪಾಠದಲ್ಲಿ ಜೋನ್ಸ್‌ನ ಹೆಂಡತಿಗೆ ಬೇರೊಬ್ಬ ಪುರುಷನ ಸಂಬಂಧವಿತ್ತೆಂದು ಸೂಚಿಸುವ ಸಾಲೊಂದು ಸೇರಿಕೊಂಡಿತು. ಮೂವರು ಮಕ್ಕಳನ್ನು ಕಟ್ಟಿಕೊಂಡು ಬದುಕು ಸಾಗಿಸುತ್ತಿದ್ದ ಜೇನಿಗೆ ಇದು ಜೀವನಪರ್ಯಂತದ ನೋವಾಯಿತು. ಹೋದಲ್ಲೆಲ್ಲ ಆಕೆ ಅದನ್ನು ಅಲ್ಲಗಳೆಯಬೇಕಾಯಿತು. ಆಕೆ ಮರುಮದುವೆಯಾಗಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಹೆಚ್ಚುಕಡಿಮೆ ಕಪ್ಪು ಉಡುಪಿನಲ್ಲೇ ಕಳೆದಳೆಂದು ಹೇಳುತ್ತಾರೆ. 1958ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಜೋನ್ಸ್‌ನನ್ನು ಜಾಕ್ಸನ್‌ನ ಮೌಂಟ್ ಕ್ಯಾಲ್ವರಿ ಸ್ಮಶಾನದಲ್ಲಿ ಹೂಳಲಾಯಿತು. 1947ರವರೆಗೆ ಆ ಸಮಾಧಿಗೆ ಸರಿಯಾದ ಕಲ್ಲೂ ಇರಲಿಲ್ಲ. 1950ರಲ್ಲಿ ಅಮೆರಿಕದ ಅಂಚೆ ಇಲಾಖೆ ರೈಲು ಚಾಲಕರ ಗೌರವಾರ್ಥ ಹೊರತಂದ 3 ಸೆಂಟ್ ಅಂಚೆಚೀಟಿಯಲ್ಲಿ ಅವನ ಚಿತ್ರ ಮೂಡಿತು. 1956ರಲ್ಲಿ ಅವನ ಮನೆ ವಸ್ತುಸಂಗ್ರಹಾಲಯವಾಯಿತು. 382ನೇ ಎಂಜಿನ್ನನ್ನು ದುರಸ್ತಿ ಮಾಡಿ ಮತ್ತೆ ಓಡಿಸಲಾಯಿತು. 1935ರಲ್ಲಿ ಅದು ಗುಜರಿ ಸೇರಿತು.

ಇಂದಿಗೂ ಅದೇ ಪಾಠ

ಅಂದಿನ ಸ್ಫೋಟಕ ಬಿಲ್ಲೆ ಇತಿಹಾಸವಾಗಿಲ್ಲ. ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ನಮ್ಮಲ್ಲಿ ಅದರ ಹೆಸರು ಡಿಟೋನೇಟರ್. ಬ್ರಾಡ್‌ಗೇಜ್ ಹಾದಿಯಲ್ಲಿ ಗಾಡಿಯೊಂದು ನಿಲ್ದಾಣಗಳ ನಡುವೆ ಸಿಕ್ಕಿಬಿದ್ದರೆ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಡಿಟೋನೇಟರ್ ಇಡಬೇಕು. ನ್ಯೂಬೆರಿ ಬಿಲ್ಲೆ ಕಟ್ಟಿದನೆನ್ನಲಾದ 3,000 ಅಡಿ ಸುಮಾರು 900 ಮೀಟರಿಗೆ ಸಮ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ನಮ್ಮ ರೈಲುಗಳ ಎಂಜಿನ್ನಿನಲ್ಲಿ ಲೋಕೊ ಪೈಲಟ್ ಮತ್ತು ಸಹಾಯಕ ಲೋಕೊ ಪೈಲಟ್ ಇಬ್ಬರೂ ಎದುರಾಗುವ ಪ್ರತಿಯೊಂದು ಸಿಗ್ನಲ್ಲನ್ನು ಗುರುತಿಸಿ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಹೊರಗಿನವರಿಗೆ ಇದು ಯಾಂತ್ರಿಕ ರೂಢಿಯಂತೆ ತೋರಬಹುದು. ಆದರೆ ಸಂಕೇತ ಕಂಡಿತೇ, ಕಂಡವನಿಗೆ ಅರ್ಥವಾಯಿತೇ ಎಂಬ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಪಡೆಯುವ ಉಪಾಯವಿದು. ಕಲ್ಲಿದ್ದಲು ತುಂಬಲು ಬಾಗಿದ್ದ ವೆಬ್‌ಗೂ ಬಾಯ್ಲರಿನ ಮರೆಯಲ್ಲಿದ್ದ ಜೋನ್ಸ್‌ಗೂ ಇಂಥ ಬಿಡುವು ಸಿಗಲಿಲ್ಲ.

ಮನುಷ್ಯನ ಕಣ್ಣು ತಪ್ಪಿದರೂ ಗಾಡಿ ನಿಲ್ಲಬೇಕೆಂಬ ಹಂಬಲ ಯಂತ್ರಗಳನ್ನೂ ಹುಟ್ಟಿಸಿದೆ. ಚಾಲಕ ಬ್ರೇಕ್ ಹಾಕದಿದ್ದರೆ ತಾನೇ ಹಾಕುವ ವ್ಯವಸ್ಥೆಯನ್ನು ಅಮೆರಿಕ 2008ರಲ್ಲಿ ಶಾಸನ ಮಾಡಿ ಪ್ರಮುಖ ಮಾರ್ಗಗಳಿಗೆ ಕಡ್ಡಾಯಗೊಳಿಸಿತು. 2020ರ ಅಂತ್ಯಕ್ಕೆ ಅದು ಪೂರ್ಣ ಜಾರಿಗೆ ಬಂತು. ಭಾರತದಲ್ಲಿ ಅದೇ ಉದ್ದೇಶದ ಕವಚ್ ವ್ಯವಸ್ಥೆಯನ್ನು 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು.

ಕೇಸಿ ಜೋನ್ಸ್ ದೇವತೆಯೂ ಅಲ್ಲ, ಅಪರಾಧಿಯೂ ಅಲ್ಲ. ವೇಳೆಯನ್ನು ವ್ರತದಂತೆ ಪಾಲಿಸಿದ, ಒಂಬತ್ತು ಬಾರಿ ದಂಡನೆ ಅನುಭವಿಸಿದ, ಕಡೆಗೆ ಪೀಠ ಬಿಟ್ಟು ಹಾರದೆ ಉಳಿದ ಒಬ್ಬ ನುರಿತ ಕೆಲಸಗಾರ. ಅವನು ಸತ್ತ ರಾತ್ರಿ ಕೆಂಪು ದೀಪ ಅವನ ಕಣ್ಣಿಗೆ ಬಿತ್ತೇ ಎಂಬುದು ಇನ್ನು ತಿಳಿಯುವಂತಿಲ್ಲ. ಆದರೆ ರಾತ್ರಿ ಗಾಡಿಯಲ್ಲಿ ಮಲಗಿ ನಿಶ್ಚಿಂತೆಯಿಂದ ಊರು ಸೇರುವ ಪ್ರತಿಯೊಬ್ಬ ಪ್ರಯಾಣಿಕನೂ ಆ ದೀಪ ಕಂಡೀತೆಂಬ ನಂಬಿಕೆಯ ಮೇಲೆಯೇ ಕಣ್ಣು ಮುಚ್ಚುತ್ತಾನೆ.